ದೊಡ್ಡ ಅಳತೆಯ ಚಳಿಯುಡುಪು: ದಾಸ್ತಾನು ಪಟ್ಟಿ ಹೇಳದ ಲೆಕ್ಕ

ಹಣ ಹಿಡಿದು ಬಂದ ಗಿರಾಕಿ ಬೇಕಾದ ಸರಕು ದೊರೆಯದೆ ಹಿಂದಿರುಗುವುದನ್ನು ಯಾವ ವರ್ತಕನೂ ಸಹಿಸಲಾರ. ಬ್ರಿಟನ್ನಿನಂತಹ ಚಳಿ ದೇಶಗಳ ಸೈಕಲ್ ಉಡುಪಿನ ಪೇಟೆಯಲ್ಲಿ ಸ್ಥೂಲಕಾಯದ ಸವಾರರಿಗೆ ಆಗುತ್ತಿರುವುದು ಇದೇ. ಅವರಿಗೆ ಬೇಸಿಗೆಯ ಜರ್ಸಿ ಹೇಗೋ ಸಿಕ್ಕೀತು. ಗಾಳಿ ತಡೆಯುವ ಜಾಕೆಟ್ಟು, ಒಳಮೈಯಲ್ಲಿ ಮೆತ್ತನೆಯ ಪದರವುಳ್ಳ ಕಾಲುಡುಪು ಸಿಗುವುದು ದುರ್ಲಭ. ಬಹುತೇಕ ತಯಾರಕರ ಅಳತೆ ಪಟ್ಟಿ ಎಕ್ಸ್‌ಎಕ್ಸ್‌ಎಲ್ ಬಳಿಗೆ ನಿಂತುಬಿಡುತ್ತದೆ. ಸ್ಪರ್ಧೆಗೆಂದು ಮೈಗಂಟುವಂತೆ ಕತ್ತರಿಸಿದ ಇಟಲಿಯ ಉಡುಪುಗಳಲ್ಲಿ ಆ ಎಕ್ಸ್‌ಎಕ್ಸ್‌ಎಲ್ ಕೂಡ ಹೆಸರಿಗಷ್ಟೇ ದೊಡ್ಡದು. ಚಳಿ ದೇಶಗಳ ಜಾಕೆಟ್ಟುಗಳನ್ನು ದಶಕಗಳಿಂದ ಹೊಲಿಯುತ್ತಿರುವ ಬೆಂಗಳೂರಿನ ಉಡುಪು ಘಟಕಗಳಿಗೆ ಇದು ದೂರದ ಸುದ್ದಿಯಲ್ಲ.

ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗಂಟೆಗೆ 25 ಕಿಲೋಮೀಟರ್ ವೇಗದ ಗಾಳಿಗೆ ಎದುರಾದವನ ಬರಿಮೈಗೆ ಅದು ಸುಮಾರು 0 ಡಿಗ್ರಿಯಂತೆ ತಟ್ಟುತ್ತದೆ. ಗಾಳಿಯೇ ಇಲ್ಲದ ದಿನವೂ ಸೈಕಲ್ ಸವಾರನಿಗೆ ತನ್ನ ವೇಗವೇ ಗಾಳಿ. ಹಾಗೆಂದು ಪೇಟೆಯಲ್ಲಿ ಸಿಗುವ ಸಾಧಾರಣ ದೊಡ್ಡ ಜಾಕೆಟ್ಟು ತೊಟ್ಟರೆ ಅದು ಪಟದಂತೆ ಉಬ್ಬುತ್ತದೆ, ತೋಳು ಬೆರಳು ಮುಚ್ಚುತ್ತದೆ, ಮುಂದಕ್ಕೆ ಬಾಗಿದೊಡನೆ ಬೆನ್ನಿನ ಕೆಳಭಾಗ ಬಯಲಾಗುತ್ತದೆ. ಬೆವರು ಹೊರಹೋಗದೆ ಒಳಗೇ ತಣ್ಣಗಾಗುವುದು ಬೇರೆ. ತೂಕ ಇಳಿಸಲೆಂದೇ ಸೈಕಲ್ ಏರಿದವನು ನವೆಂಬರಿನಲ್ಲಿ ಅದನ್ನು ಮೂಲೆಗೆ ಒರಗಿಸುತ್ತಾನೆ. ವ್ಯಾಯಾಮ ಮಾಡಿರೆಂದು ವೈದ್ಯರು ಹೇಳುವುದು ಇವರಿಗೇ, ಉಡುಪಿಲ್ಲದಿರುವುದೂ ಇವರಿಗೇ. ಇದು ಸೋಜಿಗದ ಸಂಗತಿ.

ಈ ಕೊರತೆಯನ್ನೇ ಬಂಡವಾಳ ಮಾಡಿಕೊಂಡು 2010ರ ದಶಕದಲ್ಲಿ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ ‘ಫ್ಯಾಟ್ ಲ್ಯಾಡ್ ಅಟ್ ದ ಬ್ಯಾಕ್’ ಎಂಬ ಉಡುಪಿನ ಸಂಸ್ಥೆ ಹುಟ್ಟಿಕೊಂಡಿತು. ‘ಹಿಂದುಳಿದ ದಢೂತಿ ಹುಡುಗ’ ಎಂಬರ್ಥದ ಈ ಹೆಸರನ್ನು ಎದೆಯ ಮೇಲೆ ಧರಿಸಲು ಗಿರಾಕಿಗಳು ನಾಚಲಿಲ್ಲ. ಅವರಿಗೆ ಬೇಕಾಗಿದ್ದುದು ಮೈಗೆ ಒಪ್ಪುವ ಬಟ್ಟೆ.

ಹಾಗಾದರೆ ತಯಾರಕರು ಹಿಂಜರಿಯುವುದೇಕೆ? ಮೊದಲ ಕಾರಣ ತಾಂತ್ರಿಕವಾದುದು. ಕಾರ್ಖಾನೆಯಲ್ಲಿ ಮಧ್ಯಮ ಅಳತೆಯ ಪ್ಯಾಟರ್ನ್ ಒಂದನ್ನು ಸಿದ್ಧಪಡಿಸಿ, ಅದನ್ನೇ ಹಂತಹಂತವಾಗಿ ಹಿಗ್ಗಿಸುತ್ತ ಹೋಗುವುದು ವಾಡಿಕೆ. ಆದರೆ ಮನುಷ್ಯ ಹಾಗೆ ಹಿಗ್ಗುವುದಿಲ್ಲ. ಹೊಟ್ಟೆ ಬೆಳೆದಷ್ಟು ತೋಳು ಬೆಳೆಯದು. ಆದ್ದರಿಂದ ಮೂರು ಎಕ್ಸ್‌ಎಲ್‌ನಿಂದ ಮುಂದಕ್ಕೆ ಪ್ರತ್ಯೇಕ ಪ್ಯಾಟರ್ನ್ ಬೇಕು, ಮಾದರಿ ಹೊಲಿದು ನಿಜವಾದ ಸವಾರನಿಗೆ ತೊಡಿಸಿ, ಸೈಕಲ್ ಮೇಲೆ ಕೂರಿಸಿ ನೋಡಬೇಕು. ನಿಲ್ಲಿಸಿ ನೋಡಿದರೆ ಪ್ರಯೋಜನವಿಲ್ಲ.

ಎರಡನೆಯ ಕಾರಣ ವೆಚ್ಚದ ಭಯ. ಮಧ್ಯಮ ಅಳತೆಯ ಒಂದು ಜಾಕೆಟ್ಟಿಗೆ 1,000 ರೂಪಾಯಿ ತಗಲುತ್ತದೆ, ಅದರಲ್ಲಿ ಬಟ್ಟೆಯ ಪಾಲು 400 ರೂಪಾಯಿ ಎಂದು ಇಟ್ಟುಕೊಳ್ಳೋಣ. ದೊಡ್ಡ ಅಳತೆಗೆ ಕಾಲುಭಾಗ ಹೆಚ್ಚು ಬಟ್ಟೆ ಬೇಕಾದರೂ ಏರುವುದು 100 ರೂಪಾಯಿ. ಹೊಲಿಗೆಯ ಕೂಲಿ, ಗುಂಡಿ, ಲೇಬಲ್ಲು ಬಹುಪಾಲು ಅಷ್ಟೇ. ಹೊಸ ಪ್ಯಾಟರ್ನ್ ಮತ್ತು ಮಾದರಿಗಳಿಗೆ 40,000 ರೂಪಾಯಿ ವೆಚ್ಚವಾದೀತು. ಅದನ್ನು ಮೊದಲ ಋತುವಿನ 200 ಜಾಕೆಟ್ಟುಗಳ ತಲೆಗೇ ಕಟ್ಟಿದರೆ ಒಂದಕ್ಕೆ 200 ರೂಪಾಯಿ. ಮೂರು ಋತುಗಳ 600 ಜಾಕೆಟ್ಟುಗಳಿಗೆ ಹಂಚಿದರೆ 67 ರೂಪಾಯಿ. ಹೊರೆ ಅಸಾಧ್ಯವಾಗಿ ಕಾಣುವುದು ಹಂಚಿಕೆಯ ತಪ್ಪಿನಿಂದಲೇ ಹೊರತು ಬಟ್ಟೆಯಿಂದಲ್ಲ.

ಮೂರನೆಯದು ದಾಸ್ತಾನು. ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಉಳಿದ ಸರಕನ್ನು ತಗಲಿದ ವೆಚ್ಚ ಅಥವಾ ಮಾರಿದರೆ ಬರಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯದಕ್ಕೆ ತೋರಿಸಬೇಕು. ಮಾರ್ಚ್ 31ರಂದು ಮಾರಾಟವಾಗದೆ ಉಳಿದ ಹತ್ತು ದೊಡ್ಡ ಜಾಕೆಟ್ಟುಗಳ ನಷ್ಟ ಮಾಲೀಕನ ಕಣ್ಣಿಗೆ ರಾಚುತ್ತದೆ. ಆದರೆ ರಿಯಾಯಿತಿ ಮಾರಾಟದಲ್ಲಿ ಅಗ್ಗಕ್ಕೆ ಹೋದ ಮಧ್ಯಮ ಅಳತೆಯ ಸರಕಿನ ಖೋತಾ ಮಾರಾಟದ ಮೊತ್ತದೊಳಗೇ ಅಡಗಿಹೋಗುತ್ತದೆ. ದೊಡ್ಡ ಅಳತೆ ಇಲ್ಲವೆಂದು ಹಿಂದಿರುಗಿದ ಗಿರಾಕಿಯಂತೂ ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಅಂಗಡಿಯವರಲ್ಲಿ ಒಂದು ಋತುವಿನ ಮಟ್ಟಿಗೆ ಅಂತಹ ವಿಚಾರಣೆಗಳನ್ನು ಬರೆದಿಡಿಸಿದರೂ ಸಾಕು, ಚಿತ್ರ ಬದಲಾಗಬಹುದು.

ಸಾವಿರಾರು ಸಂಖ್ಯೆಯಲ್ಲಿ ಹೊಲಿಯುವ ದೊಡ್ಡ ಕಾರ್ಖಾನೆಗೆ ಐವತ್ತು ಜಾಕೆಟ್ಟುಗಳ ಬೇಡಿಕೆ ತಲೆನೋವು. ಮೂವತ್ತು ಯಂತ್ರಗಳ ಘಟಕಕ್ಕೆ ಅದೇ ಜೀವನೋಪಾಯ. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದವು ಭಾರತದ ಸಿದ್ಧ ಉಡುಪುಗಳ ಮೇಲಿನ ಸುಂಕ ತೆಗೆಯುವುದನ್ನೂ ಒಳಗೊಂಡಿದೆ. ಈ ಅವಕಾಶ ಬಳಸುವವರು ಎಕ್ಸ್‌ಎಲ್ ಎಂಬ ಅಕ್ಷರಗಳನ್ನು ನೆಚ್ಚದೆ, ಯೂರೋಪಿನ ಇಎನ್ 13402 ಮಾನದಂಡದ ರೀತಿಯಲ್ಲಿ ಎದೆ ಮತ್ತು ಸೊಂಟದ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿಯೇ ಲೇಬಲ್ಲಿನ ಮೇಲೆ ನಮೂದಿಸುವುದು ಒಳಿತು. ಅಳತೆ ಹೊಂದದೆ ವಾಪಸಾಗುವ ಸರಕು ಕಡಿಮೆಯಾಗುತ್ತದೆ.

ದೇಶದೊಳಗೆ, ಮನಾಲಿ-ಲೇಹ್ ದಾರಿಯ ಸವಾರರಿಗೋ ಬೆಂಗಳೂರಿನ ಮುಂಜಾನೆಯ ಸವಾರರಿಗೋ ಮಾರುವವರು ಬೆಲೆ ನಿಗದಿಯಲ್ಲಿ ಎಚ್ಚರ ವಹಿಸಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇಕಡಾ 5, ಅದನ್ನು ಮೀರಿದರೆ ಶೇಕಡಾ 18. ಸಾಧಾರಣ ಅಳತೆಗೆ 2,450, ದೊಡ್ಡದಕ್ಕೆ 2,600 ಎಂದು ಬೆಲೆಯಿಟ್ಟರೆ ತೆರಿಗೆ ಸೇರಿ ಒಬ್ಬ ಕೊಡುವುದು 2,572 ರೂಪಾಯಿ 50 ಪೈಸೆ, ಇನ್ನೊಬ್ಬ ಕೊಡುವುದು 3,068 ರೂಪಾಯಿ. 150 ರೂಪಾಯಿಯ ವ್ಯತ್ಯಾಸ 500ರ ಹತ್ತಿರಕ್ಕೆ ಏರಿತು! ನೂರು ಜಾಕೆಟ್ಟುಗಳಲ್ಲಿ ಇಪ್ಪತ್ತು ದೊಡ್ಡವಾದರೆ, ಎಲ್ಲಕ್ಕೂ 2,480 ಎಂಬ ಒಂದೇ ಬೆಲೆಯಿಂದ ಮಾಲೀಕನಿಗೆ ಬರುವ ಹಣ ಅಷ್ಟೇ. ಗಿರಾಕಿ ಮಾತ್ರ, ಯಾವ ಅಳತೆಯವನಾದರೂ, 2,604 ರೂಪಾಯಿ ಕೊಟ್ಟು ಹೋಗುತ್ತಾನೆ.