ತಲೆ ತಿನ್ನೋಕೂ ಒಂದು ಭಾಷೆ ಬೇಕು

'ಬಾಹುಬಲಿ'ಯ ಕಾಲಕೇಯರು ಆಡುವ ಕಿಲಿಕಿಯನ್ನು ನಾವೆಲ್ಲ ಒಮ್ಮೆಯಾದರೂ ಮಿಮಿಕ್ರಿ ಮಾಡಿದ್ದೀವಿ. 2015ರ ಆ ಸಿನಿಮಾಕ್ಕಾಗಿ ಅದನ್ನು ಕಟ್ಟಿದವರು ಮದನ್ ಕಾರ್ಕಿ. ಇಂಥ ಕಟ್ಟಿದ ಭಾಷೆ ನೋಡಿದಾಗ ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಒಂದು ಆಸೆ ಹುಟ್ತದೆ: ಒಂದು ಪದಕ್ಕೆ ಒಂದೇ ಅರ್ಥ ಇದ್ದರೆ ಎಷ್ಟು ಚೆನ್ನ, ಗೊಂದಲವೇ ಇರೋದಿಲ್ಲ! ನನ್ನ ಪ್ರಕಾರ ಅಂಥ ಭಾಷೆ ಡಿಕ್ಷನರಿಯಲ್ಲಿ ಇರಬಹುದು, ಜನರ ಬಾಯಲ್ಲಿ ಉಳಿಯೋದಿಲ್ಲ.

ಎಸ್ಪೆರಾಂಟೊ ನೋಡ್ರಿ. ಕಣ್ಣಿನ ಡಾಕ್ಟರ್ ಜಾಮೆನ್‌ಹಾಫ್ 1887ರಲ್ಲಿ ವಾರ್ಸಾದಲ್ಲಿ, 16 ವ್ಯಾಕರಣ ನಿಯಮಗಳ ಜೊತೆ ಪ್ರಕಟಿಸಿದ ಭಾಷೆ ಅದು. ಆಸ್ಪತ್ರೆಗೆ ಅಲ್ಲಿ 'ಮಾಲ್‌ಸಾನುಲೇಯೊ' ಅಂತಾರೆ. ಆರೋಗ್ಯ ಇಲ್ಲದವರು ಇರುವ ಜಾಗ ಅಂತ, ತುಂಡು ತುಂಡು ಜೋಡಿಸಿದ ಪದ. ಎಲ್ಲ ಲೆಕ್ಕದ ಪ್ರಕಾರ. ಆದರೆ ಅದೇ ಭಾಷೆಯಲ್ಲಿ 'ಕ್ರೊಕೊದೀಲಿ' ಅಂತ ಒಂದು ಕ್ರಿಯಾಪದ ಇದೆ, ಮೊಸಳೆಯಿಂದ ಬಂದದ್ದು. ಎಸ್ಪೆರಾಂಟೊ ಆಡುವವರ ನಡುವೆ ಕೂತು ತನ್ನ ಮನೆಮಾತೇ ಆಡೋದಕ್ಕೆ ಹಾಗಂತಾರೆ. ಆ 16 ನಿಯಮಗಳಲ್ಲಿ ಈ ಮೊಸಳೆ ಇಲ್ಲ. ಅದನ್ನು ತಂದವರು ಆ ಭಾಷೆ ಆಡಿದ ಜನ.

ನಮ್ಮ ನಿಪ್ಪಾಣಿ ಕಡೆ, ಅಕ್ಕೋಳದಂಥ ಊರುಗಳಲ್ಲಿ ಕನ್ನಡ, ಮರಾಠಿ ಒಂದೇ ಕಟ್ಟೆ ಮೇಲೆ ಕೂರ್ತಾವೆ. ಒಬ್ಬ 'ತಲಿ ತಿನ್ನಬ್ಯಾಡೋ' ಅಂದರೆ ಇನ್ನೊಬ್ಬ 'ಡೋಕಂ ಖಾವೂ ನಕೋ' ಅಂತಾನೆ. ಪದ ಬೇರೆ ಬೇರೆ, ತಿನ್ನೋ ತಲೆ ಒಂದೇ. ಇದನ್ನೇ ಎಸ್ಪೆರಾಂಟೊದಲ್ಲಿ 'ನೆ ಮಾಂಜು ಮಿಆನ್ ಕಾಪೊನ್' ಅನ್ನಬಹುದು. ವ್ಯಾಕರಣ ಪೂರ್ತಿ ಸರಿ. ಆದರೆ ನಮ್ಮ ಕಟ್ಟೆ ಮೇಲೆ ಕೂರದವನು ನಮ್ಮನ್ನ ನರಭಕ್ಷಕರ ಊರಿನವರು ಅಂದ್ಕೊಂಡಾನು!

ಇದು ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಬರೀ ತಮಾಷೆಯ ಮಾತಲ್ಲ. 'ಕೈ', 'ಕೊಡು' ಎರಡೂ ಪದ ನಮಗೆ ಗೊತ್ತು. ಆದರೆ 'ಅವನು ಕೈ ಕೊಟ್ಟ' ಅನ್ನೋದನ್ನ ಇಂಗ್ಲಿಷ್ ತಲೆಯಿಂದ ಓದಿದರೆ ಸಹಾಯ ಮಾಡಿದ ಅಂತಾಗ್ತದೆ. ಕನ್ನಡದಲ್ಲಿ ಮೋಸ ಮಾಡಿದ ಅಂತ. 'ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ' ಅಂದರೆ ಊಟದ ಮಾತಲ್ಲ. ಇವೆಲ್ಲ ತಪ್ಪಿಹೋದರೆ ನಮ್ಮ ಮನೆಮಾತೇ ನಮಗೆ ಕಟ್ಟಿದ ಭಾಷೆಯಾಗ್ತದೆ. ಪದ ಸರಿ, ವ್ಯಾಕರಣ ಸರಿ, ಮಾತು ಮಾತ್ರ ಯಾರಿಗೂ ತಾಗೋದಿಲ್ಲ.

ಹಾಗಾಗಿ ನಮ್ಮ ಕ್ಲಬ್ಬಿಗೆ ಒಂದು ಸಲಹೆ. ಇಂಗ್ಲಿಷಿನ ತಾಂತ್ರಿಕ ಪದಗಳಿಗೆ ಕನ್ನಡ ಪದ ಹುಡುಕೋಣ, ಬೇಡ ಅನ್ನಲ್ಲ. ಜೊತೆಗೆ ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬರೂ ಅಲ್ಲಿನ ಹತ್ತು ನುಡಿಗಟ್ಟು ತರೋಣ. ಗೂಗಲ್‌ನಿಂದ ಅಲ್ಲ, ಅಜ್ಜ-ಅಜ್ಜಿಯನ್ನ ಕೇಳಿ. ಅವರ ತಲೆ ತಿಂದರೂ ಪರವಾಗಿಲ್ಲ.