ಲಸಿಕೆ ತಯಾರಾಗುವ ಊರಿನಲ್ಲಿ ಲಸಿಕೆಯ ಬರ

ಸುಲ್ತಾನ್ ಬಜಾರಿಗೆ ಸೀರೆ ಕೊಳ್ಳಲು ಹೋಗುವ ನಮ್ಮವರು ಕೋಠಿಯ ಆರೋಗ್ಯ ಇಲಾಖೆಯ ಆವರಣವನ್ನು ಹೊರಗಿನಿಂದ ಕಂಡವರೇ ಹೊರತು ಒಳಹೊಕ್ಕವರು ಕಡಿಮೆ. 2021ರ ಜನವರಿ 12ರಂದು ತೆಲಂಗಾಣದ ಪಾಲಿನ ಮೊದಲ 3.64 ಲಕ್ಷ ಡೋಸು ಕೋವಿಶೀಲ್ಡ್ ಪುಣೆಯಿಂದ ಬಂದಿಳಿದದ್ದು ಕೋಠಿಯ ಶೀತಲ ಉಗ್ರಾಣಕ್ಕೆ. ಇನ್ನೊಂದು ಲಸಿಕೆ ಕೋವ್ಯಾಕ್ಸಿನ್ ಸಿದ್ಧವಾಗುತ್ತಿದ್ದುದಾದರೋ ಇದೇ ನಗರದಂಚಿನ ಜೀನೋಮ್ ವ್ಯಾಲಿಯಲ್ಲಿ. ಆದರೂ ಆ ವರ್ಷದ ಮೇ ತಿಂಗಳಲ್ಲಿ ಅದರ ಎರಡನೆಯ ಡೋಸಿಗಾಗಿ ಈ ನಗರದ ಜನರೇ ಅಲೆದಾಡಿದರು.

ಅಭಿಯಾನ ಕುಂಟಿದ್ದಕ್ಕೆ ಜನರ ಹಿಂಜರಿಕೆಯೇ ಕಾರಣವೆಂದು ಹೇಳುವ ವಿದ್ಯಾವಂತರು ಇಂದಿಗೂ ಇದ್ದಾರೆ. ನಾನು ಒಪ್ಪಲಾರೆ. ಮೂರನೆಯ ಹಂತದ ಪರೀಕ್ಷೆಯ ಫಲ ಹೊರಬರುವ ಮುನ್ನವೇ, ಜನವರಿ 3ರಂದು, ಕೋವ್ಯಾಕ್ಸಿನ್ನಿಗೆ ಅನುಮತಿ ದೊರೆಯಿತು. ಹಾಕಿಸಿಕೊಳ್ಳುವವರಿಂದ ಒಪ್ಪಿಗೆಪತ್ರಕ್ಕೆ ಸಹಿ ಪಡೆಯಲಾಯಿತು. 81 ಶೇಕಡಾ ಪರಿಣಾಮಕಾರಿ ಎಂಬ ಮಧ್ಯಂತರ ಫಲಿತಾಂಶ ಬಂದದ್ದು ಮಾರ್ಚ್ 3ಕ್ಕೆ. ಲಸಿಕೆ ಒಳ್ಳೆಯದೇ ಆಗಿತ್ತು. ಆದರೆ ಈ ನಡುವಣ ಎರಡು ತಿಂಗಳು ಸಂಶಯಪಟ್ಟವರನ್ನು ಮೂಢರೆನ್ನುವುದು ಅನ್ಯಾಯ.

ಸಂಶಯ ಕರಗಿ ಜನ ಸಾಲುಗಟ್ಟಿದಾಗ ಲಸಿಕೆಯೇ ಇರಲಿಲ್ಲ. ಕೋವ್ಯಾಕ್ಸಿನ್ನಿಗೆ ಜೀವಂತ ವೈರಾಣುವನ್ನು ಬಿಗಿ ಭದ್ರತೆಯ ಪ್ರಯೋಗಾಲಯದಲ್ಲಿ ಬೆಳೆಸಿ, ನಿಷ್ಕ್ರಿಯಗೊಳಿಸಬೇಕು. ಅಂಥ ಘಟಕಗಳು ಒಂದೆರಡು ವಾರದಲ್ಲಿ ಏಳುವುದಿಲ್ಲ. ಇದನ್ನರಿತೂ ಮೇ 1ರಿಂದ 18 ವರ್ಷ ದಾಟಿದವರೆಲ್ಲರಿಗೂ ಬಾಗಿಲು ತೆರೆದು, ಉತ್ಪಾದನೆಯ ಅರ್ಧಕ್ಕಾಗಿ ರಾಜ್ಯಗಳೂ ಖಾಸಗಿ ಆಸ್ಪತ್ರೆಗಳೂ ಪೈಪೋಟಿ ನಡೆಸುವಂತೆ ಮಾಡಲಾಯಿತು. ಕೇಂದ್ರಕ್ಕೆ 150 ರೂಪಾಯಿಯ ಕೋವ್ಯಾಕ್ಸಿನ್ ರಾಜ್ಯಕ್ಕೆ 400, ಖಾಸಗಿಗೆ 1200! ಜೂನ್ 21ರಿಂದ ಆ ನೀತಿಯನ್ನು ಕೈಬಿಡಲಾಯಿತೆಂಬುದೇ ಅದರ ಮೇಲಿನ ತೀರ್ಪು. ಮೇ 13ರಂದು ಕೋವಿಶೀಲ್ಡ್ ಡೋಸುಗಳ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದ್ದಕ್ಕೆ ವೈಜ್ಞಾನಿಕ ಆಧಾರವಿದ್ದರೂ, ಅದು ಕೊರತೆ ಮುಚ್ಚುವ ಉಪಾಯವೆಂದೇ ಜನ ಭಾವಿಸಿದರು.

ಇನ್ನು ನಮ್ಮವರ ಮಾತು. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದು ಇಲ್ಲಿ ಕಟ್ಟಡ ಕಟ್ಟುವ ಕೂಲಿಕಾರನಿಗೆ ಲಸಿಕೆಯ ಜ್ವರವೆಂದರೆ ಎರಡು ದಿನದ ಕೂಲಿ ನಷ್ಟ. ಅವನು 18ರಿಂದ 44ರ ನಡುವಿನವನಾದರೆ ಮೊದಮೊದಲು ಕೋವಿನ್ ತಾಣದಲ್ಲಿ ಹೆಸರು ಬರೆಸದೆ ಗತಿಯಿರಲಿಲ್ಲ. ಆ ತಾಣ ಕನ್ನಡ ಕಲಿತದ್ದು ಜೂನ್ ತಿಂಗಳಲ್ಲಿ. 1995ರಲ್ಲಿ ಪಲ್ಸ್ ಪೋಲಿಯೋ ಆರಂಭವಾದಾಗ ಮಗುವಿನ ಬಾಯಿಗೆ ಎರಡು ಹನಿ ಹಾಕಲು ಯಾರೂ ಮೊಬೈಲ್ ಸಂಖ್ಯೆ ಕೇಳಿರಲಿಲ್ಲ.

ಮುಂದಿನ ಅಭಿಯಾನದಲ್ಲಿ ಎಷ್ಟು ದಾಸ್ತಾನಿದೆಯೆಂಬುದನ್ನು ಹಿಂದಿನ ದಿನವೇ ಕೇಂದ್ರದ ಬಾಗಿಲಿಗೆ ಬರೆದು ಅಂಟಿಸಲಿ. ಜ್ವರ ಬಂದ ದಿನದ ಕೂಲಿಯನ್ನು ಗುತ್ತಿಗೆದಾರ ಕೊಡಲಿ. ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕಿಸುವ ಹೊರನಾಡ ಸಂಘಗಳು ಅದೇ ಶಾಮಿಯಾನವನ್ನು ಕೂಲಿಕಾರರ ಬಿಡಾರದ ಬಳಿ ಹಾಕಿಸಿ, ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರಿಸಬಲ್ಲ ಒಬ್ಬ ವೈದ್ಯರನ್ನು ಕೂರಿಸಲಿ.