‘ಕಬ್ಬು’ ಒಡೆದರೆ ತಪ್ಪು ಕನ್ನಡದ್ದಲ್ಲ

ಕೌಜಲಗಿ ಸುತ್ತಿನ ರೈತರಿಗೆ ಕಬ್ಬಿನ ದರ, ಹಿಡಕಲ್ ಡ್ಯಾಮಿನ ನೀರಿನ ಮಟ್ಟ ತೋರಿಸುವ ಗ್ರಾಫ್ ಇಂಗ್ಲಿಷಿನಲ್ಲಿ ಏಕೆ ಇರಬೇಕು? ಗ್ರಾಫ್ ಮಾಡುವವರನ್ನು ಕೇಳಿದರೆ, "ಕನ್ನಡ ಹಾಕಿದ್ರ ಅಕ್ಷರ ಒಡೀತಾವ್ರಿ" ಅನ್ನುತ್ತಾರೆ. ಈ ನೆಪ ಇನ್ನು ಸಾಕು.

ಒಡೆಯುವುದು ನಿಜ. 2003ರಲ್ಲಿ ಜಾನ್ ಹಂಟರ್ ಹೊರತಂದ ಮ್ಯಾಟ್‌ಪ್ಲಾಟ್‌ಲಿಬ್, ಗ್ರಾಫ್ ಬಿಡಿಸುವ ಉಚಿತ, ಮುಕ್ತ ತಂತ್ರಾಂಶ. ಚಿತ್ರ ಮೂಡಿಸುವ ಅದರ ಮಾಮೂಲಿ ಬ್ಯಾಕೆಂಡ್ ‘ಆ್ಯಗ್’ ವರ್ಷಗಟ್ಟಲೆ ಅಕ್ಷರಗಳನ್ನು ಇಟ್ಟಿಗೆಯಂತೆ ಒಂದರ ಪಕ್ಕ ಒಂದು ಇಡುತ್ತ ಬಂದಿದೆ. ಒತ್ತಕ್ಷರ ಕೆಳಗೆ ಕೂರಬೇಕೆಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ‘ಕಬ್ಬು’ ಹೋಗಿ ‘ಕಬ್‌ಬು’, ‘ಹುಕ್ಕೇರಿ’ ಹೋಗಿ ‘ಹುಕ್‌ಕೇರಿ’.

ರೋಗ ಗುರುತಿಸುವುದು ಕಷ್ಟವಲ್ಲ. ಬರೀ ಚೌಕ ಕಂಡರೆ ಕನ್ನಡ ಫಾಂಟ್ ಸಿಕ್ಕಿಲ್ಲ ಎಂದರ್ಥ. ಅಕ್ಷರ ಬಂದು ಒತ್ತು ಒಡೆದರೆ ದೋಷ ಬ್ಯಾಕೆಂಡಿನದು, ಫಾಂಟ್ ಎಷ್ಟು ಬದಲಿಸಿದರೂ ಹೋಗದು.

ಮದ್ದೂ ಇದೆ. ಗ್ರಾಫನ್ನು ಎಸ್‌ವಿಜಿ ಆಗಿ ಉಳಿಸಿ, ‘ಎಸ್‌ವಿಜಿ ಡಾಟ್ ಫಾಂಟ್‌ಟೈಪ್’ ಸೆಟ್ಟಿಂಗಿಗೆ ‘ನನ್’ ಎಂದು ಕೊಡಿ. ಆಗ ಅಕ್ಷರ ಜೋಡಿಸುವ ಕೆಲಸ ಬ್ರೌಸರಿನ ಪಾಲಿಗೆ ಬರುತ್ತದೆ. ಕ್ರೋಮ್, ಫೈರ್‌ಫಾಕ್ಸ್‌ಗಳ ಒಳಗಿರುವ ಹಾರ್ಫ್‌ಬಜ್‌ಗೆ ಒತ್ತಕ್ಷರ ಗೊತ್ತು. ಬ್ರೌಸರಿನಲ್ಲಿ ತೆರೆದು, ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಿದರೆ ಮುಗಿಯಿತು.

ಒಂದು ಸೆಟ್ಟಿಂಗ್ ಬದಲಿಸಲು ಬೇಸರಪಟ್ಟು, ರೈತನಿಗೆ ಇಂಗ್ಲಿಷ್ ಕಲಿ ಅನ್ನುವುದು ಯಾವ ನ್ಯಾಯ? ಓದಲಾಗದ ಲೆಕ್ಕ ಕೊಟ್ಟರೂ ಒಂದೇ, ಮುಚ್ಚಿಟ್ಟರೂ ಒಂದೇ. ಮುಂದಿನ ಸಲ ನಿಮ್ಮ ಗ್ರೂಪಿಗೆ ಇಂಗ್ಲಿಷ್ ಗ್ರಾಫ್ ಬಂದರೆ ಸುಮ್ಮನೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೇ ತಿರುಗಿ ಹೇಳಿ: "ಕನ್ನಡದಾಗ ಕೊಡ್ರಿ."